ಶುಕ್ರವಾರದ ಶೂಲ, ಪುಣೆಯ ಗಾಡಿ

ಮುರಗೋಡದ ಚಿದಂಬರೇಶ್ವರನ ಪಾದಕ್ಕೆ ಹಣೆ ಹಚ್ಚಿ ಹೇಳುತ್ತೇನೆ. ಅಪ್ಪನ ಪಿಂಡ ಅಮಾವಾಸ್ಯೆಗೆ ಕಾಶಿಯಲ್ಲಿ ಇಡಬೇಕೆಂದು ಅವ್ವನೊಡನೆ ಧಾರವಾಡ ಸ್ಟೇಶನ್ನಿಗೆ ಬಂದಿದ್ದೆ.

"ಪುಣೆ ಮ್ಯಾಲ ಹೋದ್ರ ಅಮಾಸಿಗೆ ಮುಟ್ಟತೀರಿ. ಹೋಟಗಿ ಮ್ಯಾಲ ಹೋದ್ರ ಒಂದು ದಿನ ತಡ," ಅಂದರು ತಿಕೀಟಿನ ಮಾಸ್ತರರು.

"ಪುಣೆ ಗಾಡಿ ಮೊದಲ ಎತ್ತಾಗ ಹೊಂಡತದ?" ಅವ್ವ ಕೇಳಿದಳು.

"ಪಡುವಣಕ್ಕರಿ."

"ಇವತ್ತ ಶುಕ್ರವಾರ, ಪಡುವಣಕ್ಕ ಶೂಲ ಅದ, ಆ ದಿಕ್ಕಿಗೆ ಹೊರಡಬಾರದು. ಮೂಡಣಕ್ಕ ಹೋಗೋ ಹೋಟಗಿ ಗಾಡಿದ ತಿಕೀಟ ಕೊಡ್ರಿ."

ಅವ್ವನಿಗೆ ಎದುರಾಡಲಾರೆ, ಅಪ್ಪನನ್ನು ಕಾಯಿಸಲಾರೆ. ಸ್ವಾಮಿಯನ್ನು ನೆನೆದು ಮಾಸ್ತರರ ಮುಖ ನೋಡಿದೆ.

ಮಾಸ್ತರರು ಕನ್ನಡಕ ಏರಿಸಿ, "ಅವ್ವಾರ, ಶೂಲ ಬಡಿಯೋದು ಮಾರಿಗೋ, ಬೆನ್ನಿಗೋ?" ಅಂದರು.

"ಮಾರಿಗೇ. ಎದುರ ಹೋದವರಿಗೆ."

"ಹಂಗಾದ್ರ ಎಂಜಿನ್ನಿಗೆ ಬೆನ್ನು ಕೊಟ್ಟು ಕೂಡ್ರಿ. ನಿಮ್ಮ ಮಾರಿ ಮೂಡಣಕ್ಕ ಇರತದ. ಗಾಡಿ ತನಗ ಬೇಕಾದಲ್ಲಿ ಹೋಗಲಿ."

ಅವ್ವ ಪುಣೆ ತಿಕೀಟಿಗೆ ರೊಕ್ಕ ಎಣಿಸಿ ಕೊಟ್ಟಳು. ಪುಣೆಯ ತನಕ ಹಾಗೇ ಕೂತಳು. ಅಮಾವಾಸ್ಯೆ ತಪ್ಪಲಿಲ್ಲ. ಇಂದಿಗೂ ಯಾರಾದರೂ ಕೇಳಿದರೆ, "ನಾ ಎಲ್ಲಿ ಪಡುವಣಕ್ಕ ಹೋದೆ? ಧಾರವಾಡನ ನನ್ನ ಬಿಟ್ಟು ಮೂಡಣಕ್ಕ ಹೋತು" ಅನ್ನುತ್ತಾಳೆ.

ಕೇಳಿದ ನಿಮ್ಮನ್ನೆಲ್ಲ, ಯಾವ ಕಡೆ ಮುಖ ಮಾಡಿ ಕೂತರೂ, ಸ್ವಾಮಿ ಮುಟ್ಟಬೇಕಾದ ಊರಿಗೇ ಮುಟ್ಟಿಸಲಿ.