ಜುಂಜಣ್ಣ ಮೇಷ್ಟ್ರು ಕಳೆದ ಒಂದು ಅಂಕ

ಇಂಗ್ಲಿಷ್ ಪೀರಿಯಡ್ಡಿಗೆ ಬರುವಾಗ ಜುಂಜಣ್ಣ ಮೇಷ್ಟ್ರ ಕೈಯಲ್ಲಿ ಪುಸ್ತಕದ ಜೊತೆಗೆ ಒಂದು ಖಾಲಿ ಬಿಸ್ಕತ್ ಡಬ್ಬಿ ಇರುತ್ತಿತ್ತು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಅದನ್ನು ಹಿಡಿದುಕೊಂಡು ಬರುವರು. ನಾವು ನಮ್ಮ ನಮ್ಮ ಪೆನ್ಸಿಲನ್ನು ಅದರೊಳಗೆ ಹಾಕಬೇಕು. ಯಾರಾದರೂ ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡರೆ ಅದು ಹೇಗೋ ಅವರಿಗೆ ಗೊತ್ತಾಗುತ್ತಿತ್ತು. "ಪೆನ್ಸಿಲ್ ಕೈಯಾಗಿದ್ರೆ ನೀವು ಓದಲ್ಲ ಕಣ್ರೇ, ಗೆರೆ ಎಳೀತೀರ. ಹಾಕ್ರಿ ಡಬ್ಬಿಗೆ" ಎನ್ನುವರು. ಆಮೇಲೆಯೇ ಪ್ಯಾಸೇಜು.

ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ, ನಾವು ಎಂದೂ ನೋಡದ ಒಂದು ಪ್ಯಾರಾ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಪ್ಯಾಸೇಜು ಎಂದೇ ಹೆಸರು. ಹಿರಿಯೂರಿನ ಟ್ಯೂಷನ್ನುಗಳಲ್ಲಿ ಅದಕ್ಕೊಂದು ಉಪಾಯ ಹೇಳಿಕೊಡುತ್ತಿದ್ದರು. ಪ್ಯಾರಾ ಓದುವ ತಂಟೆಗೇ ಹೋಗಬೇಡಿ. ಪ್ರಶ್ನೆಯಲ್ಲಿರುವ ದೊಡ್ಡ ಪದ ಯಾವುದು ನೋಡಿ, ಅದೇ ಪದ ಮೇಲೆ ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ, ಆ ಸಾಲನ್ನು ಇದ್ದ ಹಾಗೇ ಇಳಿಸಿ. ಹತ್ತಕ್ಕೆ ಎಂಟು ಸಲ ಅಂಕ ಬೀಳುತ್ತಿತ್ತು. ಬೀಳುತ್ತದೆ ಎಂಬುದೇ ಮೇಷ್ಟ್ರ ಹೊಟ್ಟೆಯುರಿ. ನಾನೂ ಈಗ ಇಂಗ್ಲಿಷ್ ಮೇಡಂ ಆಗಿ ಹೇಳುತ್ತಿದ್ದೇನೆ, ಇವತ್ತಿಗೂ ಬೀಳುತ್ತಿದೆ, ಇವತ್ತಿಗೂ ಅದನ್ನೇ ಪಾಠ ಅಂತ ಕರೆಯುವವರಿದ್ದಾರೆ. ನಾಚಿಕೆ ಎನ್ನುವುದು ಯಾರಿಗೂ ಇಲ್ಲ.

ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಐದು ಸಾಲಿನ ಒಂದು ಪ್ಯಾಸೇಜು ಬರೆದರು. ಕೆಳಗೆ ನಾಲ್ಕು ಪ್ರಶ್ನೆ. ಅವತ್ತು ಡಬ್ಬಿ ತಿರುಗಿಸಲಿಲ್ಲ. ನಾವು ಖುಷಿಯಾಗಿ ದೊಡ್ಡ ಪದ ಹುಡುಕಿದೆವು, ಸಾಲು ಇಳಿಸಿದೆವು, ಒಬ್ಬರಾದ ಮೇಲೊಬ್ಬರು ಎದ್ದು ಓದಿದೆವು. ಎಲ್ಲರದ್ದೂ ಸರಿ. ಮೇಷ್ಟ್ರು ಬೋರ್ಡಿಗೆ ಬೆನ್ನು ಮಾಡಿ ನಿಂತರು.

"ಗೊಂಬಲ್ ಅಂದ್ರೆ ಏನು, ಯಾರಾದ್ರೂ ಹೇಳ್ರಿ."

ಯಾರೂ ಹೇಳಲಿಲ್ಲ.

"ಟಿಪರ ಅಂದ್ರೆ?"

ಅದೂ ಇಲ್ಲ.

"ನಂಗೂ ಗೊತ್ತಿಲ್ಲ. ಬೆಳಿಗ್ಗೆ ಹಲ್ಲುಜ್ಜೋವಾಗ ನಾನೇ ಕಟ್ಟಿದ ಪದ ಅವು. ಅರ್ಥ ಅನ್ನೋದೇ ಇಲ್ಲದ ಮಾತಿಗೆ ನಲವತ್ತು ಜನಾನೂ ಪಾಸಾದ್ರಲ್ಲೋ! ನಾಳೆ ಯಾವನಾದ್ರೂ ಇಂಗ್ಲಿಷ್ನಾಗೆ ನಿಮ್ಮ ಹೊಲ ಬರಿಸ್ಕಂಡು ಹೋದ್ರೂ ಹಿಂಗೇ ಗೆರೆ ಎಳ್ಕಂಡು ಕುಂತಿರ್ತೀರ!"

ನಾವು ನಕ್ಕೆವು. ಅವರು ನಗಲಿಲ್ಲ. ಸಿಟ್ಟು ಬಂದರೆ ಅವರ ಕಿವಿಯ ತುದಿ ಕೆಂಪಾಗುತ್ತಿತ್ತು, ಅವತ್ತು ಪೀರಿಯಡ್ಡು ಮುಗಿಯುವವರೆಗೂ ಕೆಂಪಗೇ ಇತ್ತು.

ಅವರು ಪ್ಯಾಸೇಜು ಓದಿಸುವ ರೀತಿ ಬೇರೆ. ಎರಡು ಸಲ ಸುಮ್ಮನೆ ಓದಬೇಕು. ಆಮೇಲೆ ಪುಸ್ತಕ ಮುಚ್ಚಬೇಕು. "ಏನೈತೆ ಅದ್ರಾಗೆ? ನಿಮ್ಮವ್ವಂಗೆ ಹೇಳ್ದಂಗೆ ಹೇಳು" ಎನ್ನುವರು. ಕನ್ನಡದಲ್ಲಿ ಹೇಳಬೇಕು. ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರೊಬ್ಬರು, ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಯಾಕೆ ಎಂದು ಹುಬ್ಬು ಗಂಟಿಕ್ಕಿದಾಗ, "ಅರ್ಥ ಆಗಿದ್ದು ಕನ್ನಡದಾಗೂ ಬರ್ತೈತೆ ಸಾರ್. ಆಗ್ದೆ ಇದ್ದಿದ್ದು ಇಂಗ್ಲಿಷ್ನಾಗೆ ಮಾತ್ರ ಬರ್ತೈತೆ" ಎಂದುಬಿಟ್ಟರು. ಸಾಹೇಬರು ಟೀ ಕೂಡ ಕುಡಿಯದೆ ಹೋದರೆಂದು ಆಮೇಲೆ ಅಟೆಂಡರ್ ಹೇಳಿದ.

ಮೇಷ್ಟ್ರು ನಮ್ಮ ಕಡೆಯವರೇ. ಊರಿನಿಂದ ಆಚೆಗೆ, ಕುರಿ ಸಾಕುವವರು ಇರುವ ಹಟ್ಟಿಯಲ್ಲಿ ಹುಟ್ಟಿದವರು. ನಾನು ಪಕ್ಕದ ಹಟ್ಟಿಯವಳು. ಅವರು ಇಂಗ್ಲಿಷ್ ಓದಿ, ಟೌನಿನ ಶಾಲೆಯಲ್ಲಿ ಟೌನಿನವರ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಸ್ಟಾಫ್ ರೂಮಿನಲ್ಲಿ ಕೆಲವರಿಗೆ ನುಂಗಲಾರದ ತುತ್ತಾಗಿತ್ತು. ಅವರು ಆ ಕಡೆ ಹೋದರೆ ಈ ಕಡೆ, "ಕುರಿ ಇಂಗ್ಲಿಷ್ ಬಂತು ನೋಡು" ಎಂದು ನಗುವುದನ್ನು ನಾನೇ ಕೇಳಿದ್ದೇನೆ. ಅವರಿಗೂ ಕೇಳಿಸಿರಲೇಬೇಕು.

ಈಗ ಅಂಕದ ವಿಷಯಕ್ಕೆ ಬರುತ್ತೇನೆ.

ಫೈನಲ್ ಪರೀಕ್ಷೆಗೆ ಮುಂಚೆ ಒಂದು ತಯಾರಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದದ್ದು, ತಿದ್ದುವವರು ನಮ್ಮ ಮೇಷ್ಟ್ರೇ. ಪ್ಯಾಸೇಜು ಓದಿ ನನಗೆ ಎದೆ ತುಂಬಿ ಬಂತು, ಏಕೆಂದರೆ ಅದು ಕುರಿಯ ಮೇಲಿತ್ತು. ವರ್ಷವಿಡೀ ಮಂಜು, ಹೂ, ರೈಲು, ಲೈಟ್‌ಹೌಸು ಎಂದು ಓದಿ ಓದಿ ಸಾಕಾಗಿದ್ದವಳಿಗೆ ಮೊದಲ ಸಲ ನಮ್ಮ ಮನೆಯ ಪ್ರಾಣಿ ಪ್ರಶ್ನೆಪತ್ರಿಕೆಯೊಳಗೆ ಬಂದಿತ್ತು. ಎರಡು ಸಲ ಓದಿದೆ. ಮೂರನೇ ಸಾಲಿಗೆ ಸಿಟ್ಟು ಬಂತು. ಕುರಿಯ ಉಣ್ಣೆಯನ್ನು ವರ್ಷಕ್ಕೆ ಒಂದು ಸಲ ಕತ್ತರಿಸುತ್ತಾರೆ ಎಂದು ಬರೆದಿದ್ದರು. ಯಾವ ಚಳಿದೇಶದ ಕುರಿಯೋ ಏನೋ, ಅದನ್ನೂ ಹೇಳಿರಲಿಲ್ಲ, ಬರೀ ಕುರಿ ಎಂದಿತ್ತು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ನಾನೇ ಕುರಿಯ ಕಾಲು ಹಿಡಿದುಕೊಂಡು ಕೂತಿದ್ದೇನೆ. ಕೆಳಗೆ ಪ್ರಶ್ನೆ ಇತ್ತು: ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತಾರೆ? ನಾನು ಎರಡು ಸಲ ಎಂದು ಬರೆದೆ. ಅಷ್ಟಕ್ಕೇ ಬಿಡದೆ, ಪ್ಯಾಸೇಜಿನಲ್ಲಿ ಇರುವುದು ತಪ್ಪು ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದೆ.

ಮೇಷ್ಟ್ರು ಅದಕ್ಕೆ ಸೊನ್ನೆ ಹಾಕಿದ್ದರು. ಆ ಒಂದು ಅಂಕದಿಂದ ನಾನು ಇಂಗ್ಲಿಷಿನಲ್ಲಿ ಫೇಲು.

ಓದದೆ ಸಾಲು ಇಳಿಸಿದವರಿಗೆಲ್ಲ ಒಂದೊಂದು ಅಂಕ. ಓದಿ, ಅರ್ಥ ಮಾಡಿಕೊಂಡು, ಒಪ್ಪದೆ ಹೋದವಳಿಗೆ ಸೊನ್ನೆ. ಉತ್ತರಪತ್ರಿಕೆ ಹಿಡಿದು ಅವರ ಮುಂದೆ ನಿಂತೆ.

"ಸಾರ್, ನಮ್ಮ ಕುರಿ ಎರಡು ಸಲಾನೇ ಕತ್ತರ್ಸೋದು. ನಿಮಗೂ ಗೊತ್ತೈತಲ್ಲ ಸಾರ್."

"ಗೊತ್ತೈತೆ."

"ಮತ್ತೆ?"

"ಪ್ಯಾಸೇಜು ಏನು ಹೇಳ್ತೈತೆ ಅಂತ ಕೇಳ್ಯಾರೆ ಕಣಮ್ಮ ಮಂಜುಳಾ. ನಿಮ್ಮಪ್ಪ ಏನು ಹೇಳ್ತಾನೆ ಅಂತ ಕೇಳಿಲ್ಲ. ಹೋಗು, ಕುಂತ್ಕ."

ಅವತ್ತು ಅವರನ್ನು ಮನಸ್ಸಿನಲ್ಲಿ ಬೈದಷ್ಟು ನಾನು ಯಾರನ್ನೂ ಬೈದಿಲ್ಲ.

ಫೇಲಾದರೆ ಏನು, ಅದೇನು ಫೈನಲ್ಲೇ ಎಂದು ನೀವು ಕೇಳಬಹುದು. ನಮ್ಮ ಶಾಲೆಗೆ ನೂರಕ್ಕೆ ನೂರು ರಿಸಲ್ಟಿನ ಹುಚ್ಚು ಹಿಡಿದಿತ್ತು. ತಯಾರಿ ಪರೀಕ್ಷೆಯಲ್ಲಿ ಫೇಲಾದವರ ತಂದೆತಾಯಿಯನ್ನು ಕರೆಸಿ, ಒಂದು ಹಾಳೆಗೆ ಸಹಿ ಹಾಕಿಸಿಕೊಂಡು, ಮಗುವನ್ನು ಶಾಲೆಯ ಪಟ್ಟಿಯಿಂದಲೇ ತೆಗೆದುಬಿಡುತ್ತಿದ್ದರು. ಮುಂದಿನ ವರ್ಷ ಹೊರಗಿನಿಂದ ಕಟ್ಟಿಕೋ ಎಂದು ಕಳಿಸುವುದು. ಹುಡುಗಿಯರಿಗೆ ಆ ಮುಂದಿನ ವರ್ಷ ಎನ್ನುವುದು ಎಲ್ಲಿರುತ್ತದೆ? ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ, ಅಷ್ಟೇ. ನನ್ನ ಅಕ್ಕನದು ಹಾಗೇ ಆಗಿತ್ತು.

ಅಪ್ಪ ಕುರಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೆಡ್ಮಾಸ್ಟರ ರೂಮಿನ ಬಾಗಿಲಲ್ಲಿ ನಿಂತ. ಚಪ್ಪಲಿ ಹೊರಗೇ ಬಿಟ್ಟಿದ್ದ. ಹೆಡ್ಮಾಸ್ಟರು ಕೂತುಕೋ ಎನ್ನಲಿಲ್ಲ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ, ಪಕ್ಕದಲ್ಲಿ ಇಂಕ್ ಪ್ಯಾಡು. ಮೇಷ್ಟ್ರನ್ನೂ ಕರೆಸಿದ್ದರು.

"ನೋಡ್ರಿ ಜುಂಜಣ್ಣ, ಒಂದು ಅಂಕ ಹಾಕಿ ಕೈ ತೊಳ್ಕೊಳ್ರಿ. ನಿಮ್ಮ ಕಡೆ ಹುಡುಗಿ. ಯಾರು ಕೇಳ್ತಾರೆ?"

ಮೇಷ್ಟ್ರ ಕಿವಿ ಕೆಂಪಾಯಿತು. "ಹಾಕಲ್ಲ ಸಾರ್."

"ಹಾಗಾದ್ರೆ ಬಿಡ್ರಿ. ಏನಪ್ಪ, ಇಲ್ಲಿ ಹೆಬ್ಬೆಟ್ಟು ಒತ್ತು. ಮಗಳು ಮುಂದಿನ ವರ್ಷ ಕಟ್ಟಲಿ."

ಅಪ್ಪ ಕೈ ಮುಂದೆ ಮಾಡಿಯೇಬಿಟ್ಟ. ಅಷ್ಟರಲ್ಲಿ ಮೇಷ್ಟ್ರು ಆ ಹಾಳೆ ಎತ್ತಿ ನನ್ನ ಕೈಗೆ ಕೊಟ್ಟರು.

"ಓದು. ಎರಡು ಸಲ ಓದು."

ಹೆಡ್ಮಾಸ್ಟರು, "ಇದೇನ್ರಿ ಇದು, ಇಲ್ಲೂ ಕ್ಲಾಸ್ ಮಾಡ್ತೀರಾ?" ಎಂದರು. ಮೇಷ್ಟ್ರು ಅವರ ಕಡೆ ನೋಡಲೇ ಇಲ್ಲ. ನಾನು ಓದಿದೆ. ಎರಡು ಪದ ಗೊತ್ತಿರಲಿಲ್ಲ, ಉಳಿದದ್ದು ಗೊತ್ತಾಯಿತು. ಹಾಳೆಯನ್ನು ಮೇಷ್ಟ್ರು ವಾಪಸ್ಸು ತೆಗೆದುಕೊಂಡರು.

"ಏನೈತೆ ಅದ್ರಾಗೆ? ನಿಮ್ಮಪ್ಪಂಗೆ ಹೇಳು."

"ಅಪ್ಪಾ, ನಾವೇ ನಮ್ಮ ಇಷ್ಟದಿಂದ ನನ್ನ ಸ್ಕೂಲ್ ಬಿಡಿಸ್ತಿದೀವಿ ಅಂತ ಬರ್ದೈತೆ. ಮನೆ ಕಷ್ಟಕ್ಕೆ ಬಿಡಿಸ್ತಿದೀವಿ, ಸ್ಕೂಲಿನೋರು ಬ್ಯಾಡ ಅಂದ್ರೂ ಕೇಳಲಿಲ್ಲ ಅಂತ ಬರ್ದೈತೆ."

ಅಪ್ಪ ಮುಂದೆ ಮಾಡಿದ್ದ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ. ಹೆಡ್ಮಾಸ್ಟರ ಮುಖ ನೋಡಿ, ತೀರಾ ಮೆತ್ತಗೆ ಕೇಳಿದ. "ನಮಗೇನು ಇಷ್ಟ ಇಲ್ವಲ್ಲ ಸ್ವಾಮಿ. ನಾನು ಯಾವಾಗ ಹಂಗಂದೆ?"

ಹೆಡ್ಮಾಸ್ಟರು ಇಂಕ್ ಪ್ಯಾಡಿನ ಮುಚ್ಚಳ ಹಾಕಿದರು. ಓದು ಬಾರದವರ ಹೆಬ್ಬೆಟ್ಟಿನ ಕೆಳಗೆ ಎಷ್ಟು ಸುಳ್ಳು ಬರೆದುಕೊಂಡಿದ್ದರೋ ದೇವರಿಗೇ ಗೊತ್ತು. ಈಗ ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ.

ಅಪ್ಪ ಸಹಿ ಮಾಡಲಿಲ್ಲ, ನನ್ನನ್ನು ತೆಗೆಯಲಾಗಲಿಲ್ಲ. ನನಗಿಂತ ಮುಂಚೆ ಮೂರು ಹುಡುಗಿಯರ ಮನೆಯವರು ಒತ್ತಿ ಹೋಗಿದ್ದರು. ಮೇಷ್ಟ್ರು ಅವರ ಊರುಗಳಿಗೆ ಸೈಕಲ್ಲಿನಲ್ಲಿ ಹೋಗಿ, ಹಾಳೆಯಲ್ಲಿ ಏನಿತ್ತೆಂದು ಹೇಳಿ, ಇಬ್ಬರನ್ನು ವಾಪಸ್ಸು ಕರೆತಂದರು. ಮೂರನೆಯವಳಿಗೆ ಆಗಲೇ ಮದುವೆಯ ಮಾತುಕತೆ ಮುಗಿದುಹೋಗಿತ್ತು. ಆ ಮನೆಯ ಜಗಲಿಯಲ್ಲಿ ಮಧ್ಯಾಹ್ನವಿಡೀ ಕೂತಿದ್ದು ಬರಿಗೈಯಲ್ಲಿ ಬಂದರಂತೆ.

ಆಮೇಲಿನ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ, ನನ್ನ ಬಸ್ಸು ಬರುವವರೆಗೆ, ವರಾಂಡದಲ್ಲಿ ಕೂರಿಸಿಕೊಂಡು ನಮಗೆ ದಿನಕ್ಕೊಂದು ಪ್ಯಾಸೇಜು ಓದಿಸಿದರು. ನಾನು ಮುಖ ಗಂಟು ಹಾಕಿಕೊಂಡೇ ಕೂರುತ್ತಿದ್ದೆ. ಒಂದು ದಿನ ಅವರು, "ನಿಂಗೆ ಒಪ್ಪದೇ ಇರೋದು ಬಂದ್ರೆ ಉತ್ತರದ ಮುಂದೆ 'ಪ್ಯಾಸೇಜಿನ ಪ್ರಕಾರ' ಅಂತ ಇಂಗ್ಲಿಷ್ನಾಗೆ ಹಾಕು. ಆವಾಗ ಸುಳ್ಳು ಅವರ್ದು, ಅಂಕ ನಿಂದು" ಎಂದರು. ನನಗೆ ನಗು ಬಂದುಬಿಟ್ಟಿತು. ಫೈನಲ್ಲಿನಲ್ಲಿ ಮೂವರೂ ಪಾಸಾದೆವು. ಅದಕ್ಕೆ ಮೇಷ್ಟ್ರಿಗೆ ಸಿಕ್ಕ ಬಹುಮಾನ ಏನು ಗೊತ್ತೇ? ಮರುವರ್ಷದಿಂದ ಅವರಿಗೆ ಹತ್ತನೇ ತರಗತಿ ಕೊಡಲೇ ಇಲ್ಲ. ರಿಟೈರ್ ಆಗುವವರೆಗೂ ಎಂಟನೆಯವರಿಗೆ ಎಬಿಸಿಡಿ ತಿದ್ದಿಸಿದರು. ಊರಿನಲ್ಲಿ ಒಬ್ಬರೂ ಯಾಕೆಂದು ಕೇಳಲಿಲ್ಲ.

ನಾನು ಚಿತ್ರದುರ್ಗದಲ್ಲಿ ಓದಿ, ಹೊಸದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆದೆ. ಅವರ ಹಾಗೇ ಓದಿಸಿದೆ, ಅವರ ಹಾಗೇ ತಿದ್ದಿದೆ. ಹೋದ ವರ್ಷ, ಮೇಷ್ಟ್ರಿಗೆ ಮೈ ಹುಷಾರಿಲ್ಲ ಎಂದು ಗೊತ್ತಾಗಿ ಹಿರಿಯೂರಿಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಅರ್ಧ ಆಗಿಹೋಗಿದ್ದರು. ಅವರನ್ನು ಖುಷಿಪಡಿಸಬೇಕೆಂದು ನನ್ನ ಕ್ಲಾಸಿನ ಕತೆ ಹೇಳಿದೆ. ಹಿಂದೊಮ್ಮೆ ಕೊಬ್ಬರಿಯ ಮೇಲೆ ಒಂದು ಪ್ಯಾಸೇಜು ಬಂದಿತ್ತು. ಕಾಯಿ ಒಡೆದು ಬಿಸಿಲಲ್ಲಿ ಒಣಗಿಸಿ ಕೊಬ್ಬರಿ ಮಾಡುತ್ತಾರೆ ಎಂದು ಅದರಲ್ಲಿತ್ತು. ತೋಟದವರ ಮನೆಯ ಹುಡುಗಿಯೊಬ್ಬಳು, ಒಡೆಯದೆ ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟು ಆಮೇಲೆ ಒಡೆಯುತ್ತಾರೆ ಎಂದು ಬರೆದಿದ್ದಳು. ನಮ್ಮ ಕಡೆ ಮಾಡುವುದೇ ಹಾಗೆ. "ನೀವು ಮಾಡಿದ ಹಂಗೇ ಮಾಡ್ದೆ ಸಾರ್. ಅತ್ಲು, ಆದ್ರೂ ಸೊನ್ನೆ ಹಾಕ್ದೆ" ಎಂದೆ.

ಮೇಷ್ಟ್ರು ದಿಂಬಿನಿಂದ ಮೈ ಎತ್ತಿ ನೆಟ್ಟಗೆ ಕೂತರು.

"ನಾನು ಮಾಡಿದ್ದು ನ್ಯಾಯ ಅಂದ್ಕಂಡಿದ್ದೀಯೇನಮ್ಮ? ಹೆದರಿಕೆ ಕಣಮ್ಮ ಅದು. ಹಟ್ಟಿ ಮೇಷ್ಟ್ರು ಹಟ್ಟಿ ಹುಡುಗಿಗೆ ಅಂಕ ಹಾಕ್ದ ಅಂತಾರೆ ಅಂತ ಹೆದರ್ಕಂಡು ಸೊನ್ನೆ ಹಾಕ್ದೆ. ಬ್ಯಾರೆ ಹುಡುಗಿ ಬರ್ದಿದ್ರೆ ಆ ಪ್ರಶ್ನೆನೇ ತಪ್ಪು ಅಂತ ಎಲ್ರಿಗೂ ಅಂಕ ಹಾಕ್ತಿದ್ದೆ. ನಿನ್ನ ಉತ್ತರ ಸರಿ ಇತ್ತು."

ನನಗೆ ರೇಗಿಹೋಯಿತು. ಕಾಯಿಲೆಯ ಮನುಷ್ಯ ಎಂಬುದನ್ನೂ ನೋಡದೆ, "ಇದನ್ನ ಆವಾಗ್ಲೇ ಹೇಳ್ಬೇಕಿತ್ತು ಸಾರ್" ಎಂದೆ. ದನಿ ಏರಿತ್ತು.

"ಹೇಳ್ಬೇಕಿತ್ತು" ಎಂದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು. "ಆ ಹುಡುಗಿ ಏನಾದ್ಲು? ಹೆಸರೇನು?"

ನಾನು ಬಾಯಿ ತೆರೆದೆ. ಅಟ್ಟದ ಮೇಲಿನ ಕಾಯಿ ನೆನಪಿತ್ತು, ಕೆಂಪು ಇಂಕಿನಲ್ಲಿ ನಾನು ಹಾಕಿದ ಸೊನ್ನೆ ನೆನಪಿತ್ತು. ಅವಳ ಹೆಸರು ಬರಲಿಲ್ಲ. ಅವರು ಕಾದರು. ಮತ್ತೆ ಕೇಳಲಿಲ್ಲ, ಗೋಡೆಯ ಕಡೆ ತಿರುಗಿದರು. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಬಂದೆ.

ಮೂರು ವಾರಕ್ಕೆ ಮೇಷ್ಟ್ರು ತೀರಿಕೊಂಡರು. ಅವರನ್ನು ಹೆದರಿಸಿದವರ ಮೇಲೆ ನನಗೆ ಇರುವ ಸಿಟ್ಟು ಹಾಗೇ ಇದೆ. ಆದರೆ ನನ್ನನ್ನು ಯಾರು ಹೆದರಿಸಿದ್ದರು? ನನ್ನ ಹೈಸ್ಕೂಲಿನ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿ ಎರಡು ಸಲ ಓದಿದೆ. ಯಾವ ಹೆಸರು ಅವಳದೆಂದು ಗೊತ್ತಾಗಲಿಲ್ಲ.