ತಂಗಿಯ ಟೇಪಿನಂಗಡಿ, ನನ್ನ ಮದುವೆಯ ಕ್ಯಾಸೆಟ್ಟು

ನನ್ನ ತಂಗಿ ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಓಡಾಡುತ್ತಾಳೆ. ಯಾರಾದರೂ ಹಳೇ ಕ್ಯಾಸೆಟ್ಟು ತಂದುಕೊಟ್ಟರೆ ಅವಳ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಗುತ್ತದೆ. ಬೀದಿಯವರಿಗೆಲ್ಲ ಅವಳು ಟೇಪಕ್ಕ. ಹೊಸಬರು ಆ ಹೆಸರು ಕೇಳಿ ಹಾಡುವವಳಿರಬೇಕು ಅಂದುಕೊಳ್ಳುತ್ತಾರೆ. ಅವಳು ಹಾಡಿದರೆ ಬೆಕ್ಕು ಕೂಡ ಎದ್ದು ಹೋಗುತ್ತದೆ, ಆ ಮಾತು ಬೇರೆ.

ಅವಳ ಕೆಲಸ ಹಳೆಯದನ್ನು ಬಿಚ್ಚುವುದು. ವಿಡಿಯೋ ಕ್ಯಾಸೆಟ್ಟು, ಹಾಡಿನ ಕ್ಯಾಸೆಟ್ಟು, ಸಿ.ಡಿ., ಪೆನ್ ಡ್ರೈವ್, ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕು, ಏನಾದರೂ ಸರಿ. ಜನ ಇವನ್ನೆಲ್ಲ ಕಸಕ್ಕೆ ಎಸೆಯುತ್ತಾರೆ, ಇಲ್ಲವೇ ಹಿತ್ತಲಲ್ಲಿ ಸುಡುತ್ತಾರೆ. ಸುಡುವವರನ್ನು ಕಂಡರೆ ತಂಗಿಗೆ ಮೈಯೆಲ್ಲ ಉರಿ. ಪಕ್ಕದ ಬೀದಿಯ ದರ್ಜಿ ಒಮ್ಮೆ ಟೇಪಿನ ರಾಶಿಗೆ ಬೆಂಕಿ ಹಚ್ಚಿದ್ದಾಗ ಬಕೆಟ್ಟು ಹಿಡಿದು ಓಡಿ, ಬೆಂಕಿ ಆರಿಸಿ, ಈ ಹೊಗೆ ಯಾರ ಎದೆಗೆ ಹೋಗುತ್ತೆ ಗೊತ್ತಾ ಎಂದು ಅವನನ್ನು ತರಾಟೆಗೆ ತೆಗೆದುಕೊಂಡು ಬಂದಿದ್ದಳು. ಈಗ ಆ ದರ್ಜಿ ತನ್ನ ನೆಂಟರಿಷ್ಟರ ಮನೆಯ ಕ್ಯಾಸೆಟ್ಟುಗಳನ್ನೂ ಹೊತ್ತು ತಂದು ಇವಳಿಗೇ ಒಪ್ಪಿಸುತ್ತಾನೆ.

ಪ್ಲಾಸ್ಟಿಕ್ಕಿಗೆ ಒಂದು ಚೀಲ, ಕಪ್ಪು ಟೇಪಿಗೆ ಇನ್ನೊಂದು, ಸ್ಪ್ರಿಂಗು ಸ್ಕ್ರೂಗಳಿಗೆ ಡಬ್ಬಿ. ಚೀಲ ತುಂಬಿದಾಗ ಮರುಬಳಕೆ ಕಾರ್ಖಾನೆಯ ಲಾರಿ ಬಂದು ಒಯ್ಯುತ್ತದೆ. ಹಾರ್ಡ್ ಡಿಸ್ಕಿಗೆ ಮಾತ್ರ ಕೊಟ್ಟವರ ಕಣ್ಣೆದುರೇ ಡ್ರಿಲ್ ಹಿಡಿದು ತೂತು ಹೊಡೆಯುತ್ತಾಳೆ, ಒಳಗಿನ ಗುಟ್ಟು ಒಳಗೇ ಮುಗಿಯಲಿ ಅಂತ. ಒಳಗೇನಿದೆ ಎಂದು ತಿಳಿಯದ ಟೇಪನ್ನು ಓಡಿಸಿ ನೋಡದೆ ಬಿಚ್ಚುವುದಿಲ್ಲ. ಅದಕ್ಕೆಂದೇ ಹಳೇ ಪ್ಲೇಯರೊಂದನ್ನು ಟಿ.ವಿ.ಗೆ ಸಿಕ್ಕಿಸಿಟ್ಟಿದ್ದಾಳೆ. ಹಲ್ಲಿನ ಡಾಕ್ಟರು ಖಾಲಿಯೆಂದು ಕೊಟ್ಟ ಟೇಪಿನಲ್ಲಿ ಅವರು ಟವೆಲ್ಲು ಸುತ್ತಿಕೊಂಡು ಕುಣಿದದ್ದು ಬಂತು. ಅಂದಿನಿಂದ ಡಾಕ್ಟರು ನನ್ನ ಬಾಯಿ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ.

ಹೀಗೆ ಚೆನ್ನಾಗಿ ನಡೆಯುತ್ತಿದ್ದ ಕೆಲಸಕ್ಕೆ ಕುತ್ತು ಬಂತು. ಅವಳ ಶೆಡ್ಡಿದ್ದ ಜಾಗದಲ್ಲಿ ಮಾಲೀಕ ಮನೆ ಕಟ್ಟಿಸಲು ಹೊರಟ. ಬೇರೆಡೆ ಹುಡುಕಿದರೆ ಡ್ರಿಲ್ಲಿನ ಸದ್ದು ಕೇಳಿಯೇ ಎಲ್ಲರೂ ಕೈಮುಗಿದರು. ಉಳಿದದ್ದು ಅವಳ ಮನೆಯದೇ ಮುಂದಿನ ಕೋಣೆ. ಅದರ ತುಂಬ, ನೆಲದಿಂದ ಸೂರಿನವರೆಗೆ, ಗಂಡನ ಕ್ಯಾಸೆಟ್ಟುಗಳು.

ಅವಳ ಗಂಡ ಹಿಂದೆ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ವಿಡಿಯೋ ಎಂದೇ ಕರೆಯುವುದು. ತೆಗೆದ ಪ್ರತಿ ಮದುವೆಯ ಮೂಲ ಟೇಪನ್ನೂ ಇಟ್ಟುಕೊಂಡಿದ್ದಾನೆ. ಊರಿನವರ ಟೇಪೆಲ್ಲ ಬಿಚ್ಚುವ ಹೆಂಡತಿ ಅವನ ಟೇಪಿಗೆ ಕೈ ಹಚ್ಚುವಂತಿಲ್ಲ. ಗಿರಾಕಿಗಳು ಬಂದು ಕೇಳಿದರೆ ಏನು ಹೇಳಲಿ ಎನ್ನುತ್ತಾನೆ. ಯಾವ ಗಿರಾಕಿ? ಎಷ್ಟೋ ಜನರ ಮಕ್ಕಳಿಗೇ ಮದುವೆಯಾಗಿದೆ.

ಅವನಿಗೂ ನನಗೂ ಒಂದು ಹಳೇ ಲೆಕ್ಕವಿದೆ. ನನ್ನ ಮದುವೆಯ ವಿಡಿಯೋ ತೆಗೆದವನೂ ಅವನೇ. ಆಗಿನ್ನೂ ನಮಗೆ ಅವನು ಯಾರೋ. ಮದುವೆ ಮುಗಿದ ಮೇಲೆ ಜೋಲುಮೋರೆ ಹಾಕಿಕೊಂಡು ಬಂದು, ಮೆಷಿನ್ನು ಟೇಪನ್ನು ತಿಂದುಬಿಟ್ಟಿತು ಎಂದ. ಮುಂದೆ ನಮ್ಮ ಮನೆಗೇ ಅಳಿಯನಾದ. ಅವನು ಊಟಕ್ಕೆ ಕೂತಾಗಲೆಲ್ಲ ನಾನು ಸಾರಿನ ಜೊತೆ ಆ ಮಾತನ್ನೂ ಬಡಿಸದೆ ಬಿಟ್ಟವಳಲ್ಲ.

ಒಂದು ಬೆಳಿಗ್ಗೆ ತಂಗಿ ನಮ್ಮ ಮನೆಗೆ ಬಂದಳು. ತುರುಬಿನಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ. "ಅಕ್ಕ, ಇವರು ಕೋಣೆ ಬಿಟ್ಟುಕೊಡಲ್ಲ ಅಂತಾರೆ. ಇನ್ನು ಅಂಗಡಿ ಮುಚ್ಚೋದೇ" ಎಂದಳು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿರುವುದು. ಒಲೆ ಆರಿಸಿ ಅವಳ ಜೊತೆಗೇ ಹೊರಟೆ.

ಅತ್ತಿಗೆಯಾದ ನಾನು ಬಂದದ್ದು ಕಂಡದ್ದೇ ವಿಡಿಯೋ ಕೋಣೆಯ ಬಾಗಿಲು ತೆರೆದ. ಕ್ಯಾಸೆಟ್ಟುಗಳ ಮೇಲೆ ಬರೆದಿದ್ದ ಹೆಸರು ನೋಡಿ ಪರಿಚಯದವರಿಗೆ ಫೋನು ಮಾಡಿದೆವು. ಬೇಕರಿಯವನು ಓಡಿಬಂದು ಪ್ಲೇಯರಿನಲ್ಲಿ ತನ್ನ ಅಂದಿನ ತಲೆಗೂದಲನ್ನು ಕಣ್ತುಂಬ ನೋಡಿ, ಟೇಪನ್ನು ಎದೆಗವಚಿಕೊಂಡು ಹೋದ. ಅವನ ಹೆಂಡತಿ ಫೋನಿನಲ್ಲಿ, ದಯವಿಟ್ಟು ಪುಡಿ ಮಾಡಿ ಎಂದಿದ್ದಳು. ಬಹಳಷ್ಟು ಮಂದಿ ನಕಲು ನಮ್ಮ ಹತ್ತಿರವೇ ಇದೆ, ಬಿಚ್ಚಿಬಿಡಿ ಎಂದರು. ಕೋಣೆ ಬರಿದಾಗುತ್ತ ಬಂತು. ವಿಡಿಯೋ ಮಾತ್ರ ಮೂಲೆಯ ಕೆಳಗಿನ ಕಪಾಟಿಗೆ ಬೆನ್ನು ಕೊಟ್ಟು ಕೂತವನು ಏಳಲೇ ಇಲ್ಲ. ನೀರು ಕೊಟ್ಟರೂ ಅಲ್ಲೇ ಕುಡಿದ. ನಾನು ಅವನನ್ನು ಬದಿಗೆ ಸರಿಸಿ ಕೈ ಹಾಕಿದೆ. ಹೆಸರಿಲ್ಲದ ಒಂದೇ ಒಂದು ಕ್ಯಾಸೆಟ್ಟು ಸಿಕ್ಕಿತು.

"ಅದು ಖಾಲಿ, ಅತ್ತಿಗೆ" ಎಂದ. ಮುಖ ಬಿಳಿಚಿತ್ತು.

ಖಾಲಿಯಾದರೂ ನೋಡಿಯೇ ಬಿಚ್ಚುವುದು ಎಂದು ತಂಗಿ ಅದನ್ನು ಪ್ಲೇಯರಿಗೆ ತಳ್ಳಿದಳು.

ತೆರೆಯ ಮೇಲೆ ನನ್ನ ಮದುವೆಯ ಮನೆ ಬಂತು. ಆಮೇಲೆ ತಂಗಿ ಬಂದಳು, ತಟ್ಟೆ ಎಣಿಸುತ್ತಿದ್ದಳು. ಮತ್ತೆ ತಂಗಿ, ಯಾರಿಗೋ ಬೈಯುತ್ತಿದ್ದಳು. ಮತ್ತೆ ತಂಗಿ, ಹಣೆಗೆ ಬಿದ್ದ ಕೂದಲನ್ನು ಉಫ್ ಎಂದು ಊದುತ್ತಿದ್ದಳು. ಮದುಮಗಳಾದ ನಾನು ಒಮ್ಮೆ ಅಂಚಿನಲ್ಲಿ ಕಂಡೆ, ಅದೂ ಅರ್ಧ ಮೂಗು. ಆ ಪುಣ್ಯಾತ್ಮ ಮದುವೆ ಪೂರ್ತಿ ಕ್ಯಾಮೆರಾವನ್ನು ನನ್ನ ತಂಗಿಯ ಮೇಲೇ ಇಟ್ಟಿದ್ದ. ಕೊಡಲು ಮುಖವಿಲ್ಲದೆ ಸುಳ್ಳು ಹೇಳಿದ್ದ, ಅಳಿಸಲು ಮನಸ್ಸು ಬಾರದೆ ಬಚ್ಚಿಟ್ಟಿದ್ದ. ಕೋಣೆ ಬಿಡದಿದ್ದದ್ದು ಗಿರಾಕಿಗಳಿಗೆ ಹೆದರಿ ಅಲ್ಲ, ನನಗೆ ಹೆದರಿ.

ತಂಗಿಯ ಮುಖ ಕಿವಿಯವರೆಗೂ ಕೆಂಪೇರಿತ್ತು. ವಿಡಿಯೋ ನೆಲ ನೋಡುತ್ತಿದ್ದ. ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ನನ್ನ ನಾಲಿಗೆಗೆ ಬಂದು ನಿಂತಿತ್ತು.

ಅಷ್ಟರಲ್ಲಿ ತೆರೆಯ ಮೇಲೆ ಅಪ್ಪ ಬಂದ. ತಂಗಿಯ ಹಿಂದಿನಿಂದ, ಹೆಗಲ ಮೇಲೆ ಟವೆಲ್ಲು, ತೋಳು ಮಡಿಚಿದ ಅಂಗಿ. ನೇರವಾಗಿ ಕ್ಯಾಮೆರಾದ ಹತ್ತಿರ ಬಂದು ನಿಂತ.

"ಏನಪ್ಪಾ," ಎಂದ ಅಪ್ಪ, "ಮದುವೆ ಆ ಕಡೆ ನಡೀತಿದೆ."

ಚಿತ್ರ ಗಡಗಡ ನಡುಗಿ ನೆಲ ಕಂಡಿತು. ಅದರ ಮೇಲೆ ಅಪ್ಪನ ನಗು ಕೇಳಿಸಿತು. "ಇರಲಿ ಬಿಡು, ಊಟ ಮಾಡ್ಕೊಂಡೇ ಹೋಗು."

ಅಪ್ಪ ಹೋಗಿ ಎಷ್ಟೋ ಕಾಲವಾಗಿದೆ. ಫೋಟೋಗಳಲ್ಲೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಅವನ ದನಿ ಎಲ್ಲೂ ಉಳಿದಿಲ್ಲ ಎಂದೇ ತಿಳಿದಿದ್ದೆವು. ನನ್ನ ಮದುವೆಯಾದ ಮೇಲೆ ಒಂದು ದಿನ ಅಪ್ಪ ತಾನಾಗಿ, ಆ ವಿಡಿಯೋ ಹುಡುಗ ಹೇಗೆ ಎಂದು ಅಮ್ಮನ ಹತ್ತಿರ ತಂಗಿಯ ಮದುವೆಯ ಮಾತು ಎತ್ತಿದ್ದ. ಇದು ಇವರಿಗೆ ಎಲ್ಲಿಂದ ಹೊಳೆಯಿತು ಎಂದು ಅಮ್ಮ ತಲೆ ಕೆರೆದುಕೊಂಡಿದ್ದಳು. ನನಗೆ ಅಳು ಬಂತು, ನಗುವೂ ಬಂತು, ಯಾವುದನ್ನೂ ತಡೆಯಲಿಲ್ಲ.

ಆಮೇಲೆ ಕೋಣೆ ಪೂರ್ತಿ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಿಡಿಯೋ ತಾನೇ ಕಪಾಟು ಹೊರಗೆಳೆದು, ಹೆಂಡತಿಯ ಬೆಂಚನ್ನು ಕಿಟಕಿಯ ಬೆಳಕಿಗೆ ಹಾಕಿದ. ಅವಳು ಮೊದಲ ಕ್ಯಾಸೆಟ್ಟು ಬಿಚ್ಚಲು ಕೂತಳು. ನಾನು ಮಾತ್ರ ಟಿ.ವಿ. ಮುಂದಿನಿಂದ ಏಳಲಿಲ್ಲ.

"ಅಕ್ಕ, ಹಳೇ ಟೇಪು, ಸವೆದುಹೋಗತ್ತೆ" ಎಂದಳು ತಂಗಿ. "ನಕಲು ಮಾಡ್ಕೊಡ್ತೀನಿ, ಬಿಡು."

ಇನ್ನೊಂದೇ ಒಂದು ಸಲ ಎಂದು ನಾನು ಮತ್ತೆ ಹಿಂದಕ್ಕೆ ಓಡಿಸಿದೆ.