ಶುಕ್ರವಾರ ಐದರೊಳಗೆ

ಅಮೆರಿಕದ ಮೇನ್ ಕರಾವಳಿಯ ನಮ್ಮ ದ್ವೀಪದಲ್ಲಿ ವರ್ನಾ ಬೀಲ್ ಕೈಯ ಮೀನಿನ ಸಾರು ಉಣ್ಣದೆ ಬೆಳೆದವರಿಲ್ಲ. ಮದುವೆಯಾಗಲಿಲ್ಲ, ಹೆರಲಿಲ್ಲ, ಶಾಲೆಯ ಅಡುಗೆಮನೆಯಲ್ಲೇ ಆಯುಸ್ಸು ಸವೆಸಿದಳು. ಆ ಶಾಲೆ ಮುಚ್ಚಿ ಮಕ್ಕಳನ್ನು ದೋಣಿಯಲ್ಲಿ ಆಚೆ ದಡಕ್ಕೆ ಕಳಿಸಬೇಕೇ ಎಂದು ಊರವರ ಮತ ಕೇಳಿದರು. ಮುಚ್ಚಿ ಎಂದವರು ಎರಡೇ ಮತದಿಂದ ಗೆದ್ದರು.

ಮರುಎಣಿಕೆ ಬೇಕಿದ್ದರೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಜನ ಸಹಿ ಹಾಕಿದ ಅರ್ಜಿ ಶುಕ್ರವಾರ ಐದರೊಳಗೆ ಊರ ಕಚೇರಿ ಸೇರಬೇಕು. ಸಹಿಯೇನೋ ಒಂದೇ ಮಧ್ಯಾಹ್ನದಲ್ಲಿ ಕೂಡಿತು. ಆದರೆ ಮತ ಎಣಿಸಿದವಳು ಊರ ಗುಮಾಸ್ತೆ ಥೆಲ್ಮಾ, ವರ್ನಾಳ ಬಾಲ್ಯದ ಗೆಳತಿ. ಒಬ್ಬರು ಎಣಿಸಿದ್ದನ್ನು ಮತ್ತೆ ಎಣಿಸುವುದೆಂದರೆ ನಮ್ಮಲ್ಲಿ ಕೆನ್ನೆಗೆ ಹೊಡೆದ ಹಾಗೆ. ಆವತ್ತು ಎಣಿಕೆಗೆ ಅವಳ ಜೊತೆ ಕೂತವರೂ ತಾಳೆ ನೋಡದೆ ತಲೆಯಾಡಿಸಿದ್ದರು.

"ಅರ್ಜಿ ಇಲ್ಲಿ ಕೊಡೇ, ನಾನೇ ಕೊಟ್ಟು ಬರ್ತೀನಿ" ಎಂದು ಅರ್ಜಿ ಹಿಡಿದು ಕೂತಿದ್ದ ವರ್ನಾಳಿಗೆ ಹೇಳಿದೆ.

"ಸುಮ್ನಿರು ಮರ್ಲ್. ಥೆಲ್ಮಾ ಮೊನ್ನೆ ತಾನೇ ಗಂಡನ್ನ ಮಣ್ಣು ಮಾಡಿದಾಳೆ. ನಿನ್ನ ಲೆಕ್ಕ ತಪ್ಪು ಅಂತ ಹೋಗಿ ಹೇಳ್ಲಾ?"

"ಹಾಗಾದ್ರೆ ಇನ್ಮೇಲೆ ಕಡಲಹಕ್ಕಿಗಳಿಗೆ ಸಾರು ಬಡಿಸ್ಕೊಂಡಿರು!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಜಪ್ಪಯ್ಯ ಎಂದರೂ ಅರ್ಜಿ ಕೊಡಲಿಲ್ಲ. ಶುಕ್ರವಾರ ಕಳೆಯಿತು.

ಭಾನುವಾರ ಪ್ರಾರ್ಥನೆ ಮುಗಿಸಿ ವರ್ನಾ ಬ್ಲೂಬೆರಿ ಕಡುಬು ಹಿಡಿದು ಥೆಲ್ಮಾಳ ಮನೆಗೆ ಹೊರಟಳು. ಸೌದೆ ಹೊತ್ತು ನಾನೂ ಹೋದೆ. ಥೆಲ್ಮಾ ಬಾಗಿಲಲ್ಲೇ ಕೇಳಿದಳು.

"ಶುಕ್ರವಾರ ಯಾಕೆ ಬರ್ಲಿಲ್ಲ ಕಣೇ? ನಿನಗೋಸ್ಕರ ಕಚೇರಿ ಬಾಗಿಲು ತೆಗೆದೇ ಕೂತಿದ್ದೆ."

"ನಿನಗೆ ನೋವಾಗುತ್ತೆ ಅಂತ..."

"ಅಯ್ಯೋ! ಎಣಿಸುವಾಗ ಕಣ್ಣು ತುಂಬಿ ತುಂಬಿ ಬರ್ತಿತ್ತು. ಮತಪತ್ರದ ಒಂದು ಕಟ್ಟನ್ನ ಎರಡು ಸಲ ಎಣಿಸಿದ್ನೋ, ಬಿಟ್ಟೇಬಿಟ್ನೋ, ಗೊತ್ತಿಲ್ಲ. ಮತ್ತೆ ಎಣಿಸೋಣ ಅನ್ನೋ ಅಧಿಕಾರ ಗುಮಾಸ್ತೆಗಿಲ್ಲ. ನೀನು ಬಂದೇ ಬರ್ತೀಯ ಅಂದ್ಕೊಂಡಿದ್ದೆ."

"ಈಗ?"

"ಗಡುವು ಮುಗೀತು. ಮೊಹರು ಬಿದ್ದ ಪೆಟ್ಟಿಗೆ, ಯಾರೂ ಮುಟ್ಟೋ ಹಾಗಿಲ್ಲ."

ವರ್ನಾ ಒಳಗೆ ಬಂದು ಕಡುಬನ್ನು ಮೇಜಿನ ಮೇಲಿಟ್ಟು ಅಲ್ಲೇ ಕೂತಳು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಬೇಸಿಗೆ ರಜೆಗೆ ಶಾಲೆಗೆ ಬಿದ್ದ ಬೀಗ ಮತ್ತೆ ತೆಗೆಯಲಿಲ್ಲ. ಸೆಪ್ಟೆಂಬರಿನಲ್ಲಿ ಮಕ್ಕಳು ದೋಣಿ ಹತ್ತುವ ದಿನ ಗೆಳತಿಯರಿಬ್ಬರೂ ದಕ್ಕೆಗೆ ಬಂದಿದ್ದರು. ವರ್ನಾ ಒಂದೊಂದೇ ಮಗುವಿನ ಕೋಟಿಗೆ ಗುಂಡಿ ಹಾಕಿ ಕಳಿಸಿದಳು. ದೋಣಿ ಮರೆಯಾದ ಮೇಲೆ ಗೆಳತಿಯ ಕೈ ಹಿಡಿದು ಹೇಳಿದಳು.

"ಕೊರಗಬೇಡ್ವೇ. ನೀನು ಸರಿಯಾಗೇ ಎಣಿಸಿರ್ತೀಯ."

ಥೆಲ್ಮಾ ಬಿಕ್ಕಿ ಬಿಕ್ಕಿ ಅತ್ತಳು. ಸರಿಯಾಗಿತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವಂತಿಲ್ಲ.